ಹನ್ನೆರಡು ಕಾವಿನ ಕಾಲುವೆ

"ನಿಮ್ಮನೇಲಿ ಗಂಡಸರು ಯಾರೂ ಇಲ್ವಾ?" ಎಂದು ಕಾಲುವೆಯ ಯಜಮಾನ ಉಬಾಹಾ ಕೇಳುವಷ್ಟರಲ್ಲಿ ತೂದಾ ಲಂಗದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಸರಿಗೆ ಇಳಿದಾಗಿತ್ತು.

"ಇದ್ದಾರಲ್ಲ. ಅಕ್ರೋಟು ಮರದಿಂದ ಬಿದ್ದು ಸೊಂಟ ಮುರ್ಕೊಂಡು ಮಲಗಿದ್ದಾರೆ. ಹೊತ್ಕೊಂಡು ಬರ್ಲಾ?"

ಸುತ್ತಲಿದ್ದವರು ನಕ್ಕರು. ಅರುವತ್ತಕ್ಕೆ ಕಮ್ಮಿಯವರು ಅವರಲ್ಲೊಬ್ಬರೂ ಇರಲಿಲ್ಲ; ಹರೆಯದವರೆಲ್ಲ ದುಡಿಯಲು ಪಟ್ಟಣ ಸೇರಿದ್ದರು. ಅಟ್ಲಾಸ್ ಬೆಟ್ಟದ ಆ ಹಳ್ಳಿಯಲ್ಲಿ ಹಿಮ ಕರಗಿದ ಮೇಲೆ ಮನೆಗೊಬ್ಬರು ಕಾಲುವೆಯ ಹೂಳೆತ್ತಬೇಕು. ಗುದ್ದಲಿಯ ಮರದ ಕಾವಿನುದ್ದದಲ್ಲಿ ಅಳೆದು ಮನೆಗೆ ಹನ್ನೆರಡು ಕಾವು. ಹೊತ್ತು ಮುಳುಗುವುದರೊಳಗೆ ಮುಗಿಸದ ಮನೆಗೆ ಆ ವರ್ಷ ನೀರಿನ ಸರದಿ ಇಲ್ಲ. ನೀರಿಲ್ಲದಿದ್ದರೆ ತೂದಾಳ ಬಾರ್ಲಿ ಹೊಲದ ಕಥೆ ಮುಗಿದಂತೆಯೇ.

ಮೈದುನ ಜಾಯಿದ್ ದಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತ. ಪಕ್ಕದ ಹೊಲ ಅವನದು. ತಪ್ಪಿದ ಸರದಿ ಅವನಿಗೇ ಸೇರುವುದು.

"ಅತ್ತಿಗೆ, ಎಪ್ಪತ್ತು ದಾಟ್ತು. ಹೆಣ್ಮಕ್ಕಳು ಗಂಡನ ಮನೆ ಸೇರಿದ್ರು. ಇನ್ನು ಯಾರಿಗೋಸ್ಕರ ಈ ಹೊಲ? ನಂಗೆ ಬಿಡಿ, ಕಾಳು ನಾನೇ ತಂದು ಹಾಕ್ತೀನಿ."

"ತಂದು ಹಾಕೋಕೆ ನಾನೇನು ನಿಮ್ಮನೆ ಕೋಳೀನಾ? ನನ್ನ ಬಾಯಿ ಇನ್ನೂ ಇದೆ, ಅದಕ್ಕೋಸ್ಕರ."

"ಬಾಯಿ ಇರೋದು ಊರಿಗೇ ಗೊತ್ತು ಬಿಡಿ."

ಮಧ್ಯಾಹ್ನ ಉಳಿದವರು ಕೆಲಸ ಮುಗಿಸಿ ರೊಟ್ಟಿ, ಪುದೀನ ಚಹಾ ಮುಂದಿಟ್ಟುಕೊಂಡು ಕೂತರು. ಅವಳು ಇನ್ನೂ ಏಳನೆಯ ಕಾವಿನಲ್ಲಿದ್ದಳು. ಅಯ್ಯೋ, ಆ ಸೊಂಟ! ಬಗ್ಗಿದರೆ ಏಳಲಾಗದು, ಎದ್ದರೆ ಬಗ್ಗಲಾಗದು. ಅಳು ಬಂತು, ಕೆಸರುಗೈಯಲ್ಲೇ ಮೂಗೊರೆಸಿಕೊಂಡಳು. ಅತ್ತಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಇನ್ನೆರಡು ಕಾವು ಸಾಗಿತು. ನೆರೆಯವನೊಬ್ಬ ಕನಿಕರಪಟ್ಟು ಇಳಿಯಲು ಬಂದ. ಬೇರೆ ಮನೆಯ ಗುದ್ದಲಿ ತಾಗಿದರೆ ಆ ಪಾಲು ಲೆಕ್ಕಕ್ಕಿಲ್ಲ.

"ಇಳಿದ್ರೆ ಕಾಲು ಕತ್ತರಿಸ್ತೀನಿ" ಎಂದಳು.

ಬಿಸಿಲು ಎದುರು ಗುಡ್ಡದ ತುದಿಗೇರಿದಾಗ ಉಬಾಹಾ ಅವಳ ಪಾಲನ್ನು ಅಳೆದ. ನಂಬಿಕೆ ಬರದೆ ಇನ್ನೊಮ್ಮೆ ಅಳೆದ. ಹನ್ನೆರಡು. ತೂಬು ತೆಗೆದರು, ಸರದಿ ಕೂಗಲು ಶುರುವಾಯಿತು.

"ಇಶ್ಶುವಿನ ಮನೆ!"

ಇಶ್ಶು ಅವಳ ಗಂಡ. ತೂದಾ ಓಗೊಡಲಿಲ್ಲ.

"ಇಶ್ಶುವಿನ ಮನೆ!"

ಮೂರು ಕೂಗಿಗೂ ಓಗೊಡದ ಮನೆಯ ನೀರು ಹೋದಂತೆಯೇ. ಜಾಯಿದ್ ಎದ್ದು ನಿಂತ.

"ಅವರು ಹಾಸಿಗೇಲಿದ್ದಾರೆ" ಎಂದಳು ತೂದಾ, ಗುದ್ದಲಿಗೆ ಒರಗಿ. "ಹೂಳೆತ್ತಿದ್ದು ಯಾರೋ, ಅವರನ್ನ ಕೂಗಿ."

ಉಬಾಹಾ ಗಡ್ಡ ಕೆರೆದುಕೊಂಡ. ಅವನ ಅಜ್ಜನ ಕಾಲದಿಂದಲೂ ಆ ದಂಡೆಯ ಮೇಲೆ ಹೆಂಗಸಿನ ಹೆಸರು ಕೂಗಿದ್ದಿಲ್ಲ.

"ತೂದಾಳ ಮನೆ" ಎಂದ, ಗಂಟಲೊಳಗೇ.

"ಕೇಳಿಸ್ಲಿಲ್ಲ."

"ತೂದಾಳ ಮನೆ!"

ಮೇಲಿನ ಇಳಿಜಾರಿನಲ್ಲಿ ಮೇಯುತ್ತಿದ್ದ ಕುರಿಗಳು ತಲೆಯೆತ್ತಿದವು. "ಇದ್ದೀನಿ" ಎಂದು ತೂದಾ ಕಾಲಿನಿಂದಲೇ ಬದುವಿನ ಮಣ್ಣು ತಳ್ಳಿ ನೀರನ್ನು ಹೊಲಕ್ಕೆ ಬಿಟ್ಟುಕೊಂಡಳು.