ತಟ್ಟಿದರೆ ಬಿಡಬೇಕು

ನನ್ನ ಗಂಡ ಚಾಂಪಿಯನ್ ಕುಸ್ತಿಪಟು ಎಂದರೆ ಹೊಸಬರು ಕಣ್ಣರಳಿಸುತ್ತಾರೆ. ಅಯ್ಯೋ, ಒಂದು ದಿನ ನಮ್ಮ ಅಡುಗೆಮನೆಗೆ ಬಂದು ನೋಡಲಿ! ಹಾಲಿನ ಪಾತ್ರೆ, ಅಕ್ಕಿ ಡಬ್ಬಿ, ತುಂಬಿದ ಗ್ಯಾಸ್ ಸಿಲಿಂಡರ್, ಕೈಗೆ ಕೊಟ್ಟದ್ದೆಲ್ಲ ನೆಲದ ಪಾಲು. ಸಿಲಿಂಡರ್ ಮಾತ್ರ ನನ್ನ ಕಾಲಿನ ಹೆಬ್ಬೆರಳ ಪಾಲಾಯಿತು.

"ಅವನು ತಟ್ಟಿದ ಕಣೇ," ಎಂದರು ಮುಖ ಸಣ್ಣಗೆ ಮಾಡಿಕೊಂಡು.

ಅವನು ಎಂದರೆ ಸತ್ತುಹೋದ ಗೆಳೆಯ. ಇಬ್ಬರೂ ಒಬ್ಬರೇ ಗುರುಗಳ ಕೈಕೆಳಗೆ ಕುಸ್ತಿ ಕಲಿತವರು. ಅಭ್ಯಾಸದಲ್ಲಿ ಪಟ್ಟಿಗೆ ಸಿಕ್ಕವನು ಇನ್ನು ತಡೆಯಲಾರೆ ಅನ್ನಿಸಿದರೆ ಎದುರಾಳಿಯ ಭುಜ ತಟ್ಟುತ್ತಾನೆ. ತಟ್ಟಿದ ಕೂಡಲೇ ಬಿಡಬೇಕು. ದೊಡ್ಡ ಪಂದ್ಯದ ಫೈನಲ್‌ನಲ್ಲಿ ಇವರಿಬ್ಬರೇ ಎದುರಾದರು. ಗೆಳೆಯ ತಟ್ಟಿದ. ಸೀಟಿ ಇನ್ನೂ ಊದಿಲ್ಲವಲ್ಲ ಎಂದು ಇವರು ಬಿಡಲಿಲ್ಲ. ಕತ್ತು ಮುರಿದು ಅವನು ಮತ್ತೆ ಏಳಲಿಲ್ಲ. ಚಿನ್ನದ ಪದಕ ನಮ್ಮ ಬೀರುವಿನಲ್ಲಿದೆ. ಇವರು ಅದನ್ನು ಮುಟ್ಟಿದ್ದನ್ನು ನಾನು ಕಾಣೆ. ಅಂದಿನಿಂದ ಭುಜದ ಮೇಲೆ ಅವನು ತಟ್ಟಿದಂತಾದರೆ ಸಾಕು, ಹಿಡಿದದ್ದನ್ನು ಇವರು ಬಿಟ್ಟುಬಿಡುತ್ತಾರೆ.

ಆಮೇಲೆ ಇವರು ಪಂದ್ಯ ಬಿಟ್ಟು, ನಾನು ಗಣಿತ ಹೇಳಿಕೊಡುವ ಶಾಲೆಯಲ್ಲೇ ಕುಸ್ತಿ ತರಬೇತುದಾರರಾದರು. ಮೊದಲ ದಿನವೇ ಮಕ್ಕಳಿಂದ ಹೇಳಿಸುತ್ತಿದ್ದರು: "ತಟ್ಟಿದ್ರೆ ಬಿಡ್ಬೇಕು." ನನ್ನ ಕ್ಲಾಸಿನಲ್ಲಿ ಆಕಳಿಸುವ ಕತ್ತೆಗಳು ಇವರೆದುರು ಕಟ್ಟುನಿಟ್ಟಾಗಿ ನಿಲ್ಲುತ್ತಿದ್ದವು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು.

ಹೀಗಿರುವಾಗ ಒಬ್ಬ ಹುಡುಗನನ್ನು ಎತ್ತಿ ಪಟ್ಟು ತೋರಿಸುತ್ತಿದ್ದವರು ಥಟ್ಟನೆ ಕೈಬಿಟ್ಟರು. ಅವನ ಮೊಣಕೈ ಊದಿಕೊಂಡಿತು.

"ಇನ್ನೊಂದ್ ಸಲ ಹೀಗಾದ್ರೆ ನಾನೇನೂ ಮಾಡೋಕಾಗಲ್ಲ ಸಾರ್, ಮನೇಲಿರಿ," ಎಂದರು ಹೆಡ್‌ಮಾಸ್ಟರು.

ಆ ಮಕ್ಕಳೂ ಇಲ್ಲದೆ ಹೋದರೆ ಈ ಮನುಷ್ಯ ಬದುಕಿದ್ದೂ ಸತ್ತಂತೆ ಎಂದು ನನಗೆ ಗೊತ್ತಿತ್ತು. ಮನೆಗೆ ಬಂದವಳೇ ರೇಗಾಡಿದೆ.

"ಸತ್ತೋನಿಗೆ ಬೇರೆ ಕೆಲಸ ಇಲ್ವಾ? ತಟ್ಕೊಳ್ಳಲಿ! ನೀವ್ಯಾಕ್ರೀ ಬಿಡ್ತೀರಿ? ಹಲ್ಲು ಕಚ್ಚಿ ಹಿಡ್ಕೊಳ್ಳಿ!"

ನೀರು ತುಂಬಿದ ಬಕೆಟ್ ಕೈಗೆ ಕೊಟ್ಟು ಹಿತ್ತಲಲ್ಲಿ ನಿಲ್ಲಿಸಿದೆ. ಗಾಳಿಯಿರಲಿಲ್ಲ, ಹತ್ತಿರ ಯಾರೂ ಇರಲಿಲ್ಲ. ಆದರೂ ಅವರ ಭುಜದ ಮೇಲೆ ಅಂಗಿ ಅದುರಿದ್ದನ್ನು ನಾನೇ ನೋಡಿದೆ. ಅವರು ಬೆವೆತರು, ಬಿಳಿಚಿಕೊಂಡರು, ಬಕೆಟ್ ಬಿಡಲಿಲ್ಲ. ದಿನಾ ಅದೇ ಅಭ್ಯಾಸವಾಯಿತು. ಒಂದು ತಟ್ಟೆಯೂ ಬೀಳದಂತಾಯಿತು.

ಪೋಷಕರ ಸಭೆಯ ದಿನ ಕುಸ್ತಿ ಪ್ರದರ್ಶನಕ್ಕೆಂದು ಹಾಲ್‌ನಲ್ಲಿ ಮ್ಯಾಟ್ ಹಾಸಿದ್ದರು. ನಮ್ಮ ಮಗಳು ಪುಟ್ಟಿ ಒಂಬತ್ತನೇ ಕ್ಲಾಸು. "ಅಪ್ಪನ ಜೊತೆ ನಾನೇ ಆಡ್ತೀನಿ," ಎಂದು ಹಟ ಹಿಡಿದು ಇಳಿದಳು. ಇವರು ಅವಳನ್ನು ಬೋರಲು ಕೆಡವಿ, ಮೇಲಿಂದ ಒತ್ತಿ, ಕತ್ತಿನ ಸುತ್ತ ತೋಳು ಹಾಕಿ ಪಟ್ಟು ವಿವರಿಸತೊಡಗಿದರು.

ನಡುವೆ ಮಾತು ನಿಂತಿತು. ಹಣೆಯಲ್ಲಿ ಬೆವರೊಡೆಯಿತು. ಹಲ್ಲು ಕಚ್ಚಿ, ನನ್ನ ಕಡೆ ನೋಡಿ ಸಣ್ಣಗೆ ನಕ್ಕರು. ತಟ್ಟುತ್ತಿದ್ದಾನೆ, ನಾನು ಬಿಡುತ್ತಿಲ್ಲ ನೋಡು ಎಂಬ ನಗು. ನಾನೂ ಶಭಾಷ್ ಎನ್ನುವಂತೆ ತಲೆಯಾಡಿಸಿದೆ. ತೋಳು ಇನ್ನೂ ಬಿಗಿಯಾಯಿತು.

ಆಗ ಪುಟ್ಟಿಯ ಕಾಲು ಒದ್ದಾಡುವುದು ನಿಂತಿತು.

ಹೇಗೆ ಓಡಿದೆನೋ ದೇವರಿಗೇ ಗೊತ್ತು. "ಬಿಡ್ರೀ, ಮಗು ಸಾಯ್ತಾಳೆ!" ಎಂದು ಚಾಂಪಿಯನ್‌ನ ಕಿವಿ ಹಿಡಿದು ಎಳೆದೆ. ತೋಳು ಸಡಿಲಿತು. ಪುಟ್ಟಿ ಎಷ್ಟೋ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಕೆಮ್ಮಿದಳು, ಉಸಿರೆಳೆದಳು. ನಾನು ಅವಳನ್ನು ಅವಚಿಕೊಂಡು ಎಲ್ಲರೆದುರೇ ಗೋಳೋ ಎಂದು ಅತ್ತೆ.

ಇವರು ಮಂಡಿಯೂರಿ ಕೂತಿದ್ದರು.

"ನೀನು ತಟ್ಟಿದ್ದು ಪುಟ್ಟೀ... ನಾನು ಅವನು ಅಂದ್ಕೊಂಡೆ. ತಪ್ಪಾಯ್ತು ಕಂದಾ."

ಪುಟ್ಟಿ ಕತ್ತು ನೀವಿಕೊಂಡು ಅಪ್ಪನ ಮುಖ ನೋಡಿದಳು. "ನಾನೆಲ್ಲಿ ತಟ್ಟಿದೆ ಅಪ್ಪಾ? ನನ್ನ ಎರಡೂ ಕೈ ಎದೆ ಕೆಳಗೇ ಸಿಕ್ಕಿತ್ತಲ್ಲ."

ಇವರು ತಮ್ಮ ಭುಜ ಮುಟ್ಟಿ ನೋಡಿಕೊಂಡರು.

"ಬಿಡು ಬಿಡು ಅಂತ ಕೊನೇವರೆಗೂ ತಟ್ತಾನೇ ಇದ್ದ ಕಣೇ," ಎಂದರು. "ಎರಡನೇ ಸಲಾನೂ ಅವನ ಮಾತು ಕೇಳ್ಲಿಲ್ಲ ನಾನು."