ಪೆಟ್ಟಿಗೆಯ ಹಸಿರು ಕಣ್ಣು

ರಾಳ ಸುಟ್ಟ ವಾಸನೆ, ದೇವರ ಮುಂದೆ ಧೂಪ ಹಾಕಿದ ಹಾಗೆ, ಇಲ್ಲಿ ಯಾವ ದೇವರು, ಕರೀಂ ಸಾಬರು ಇದ್ದಿಲ ಒಲೆಯಿಂದ ಬೆಸುಗೆ ಕಬ್ಬಿಣ ತೆಗೆದು ಅಂಗೈಯಷ್ಟಗಲದ ಹಲಗೆಗೆ ಒತ್ತುತ್ತಾರೆ, ಚುಯ್ ಎಂದು ಹೊಗೆ ಏಳುತ್ತದೆ, ಕಾಟಮ್ಮನ ಕಣ್ಣು ಉರಿಯುತ್ತದೆ — ಉರಿಯಲಿ, ನೀರು ಹಾಕುವುದಕ್ಕೆ ಒಂದು ನೆಪವಾದರೂ ಆಯಿತು. ಬೆಂಚಿನ ಮೇಲೆ ಅವಳ ಮನೆಯ ರೇಡಿಯೋ ಬೆನ್ನು ಬಿಚ್ಚಿಸಿಕೊಂಡು ಕೂತಿದೆ, ಕುರಿ ಕೊಯ್ದು ಕರುಳು ತೆಗೆದಿಟ್ಟ ಹಾಗೆ, ಅದರ ಹೊಟ್ಟೆಯಲ್ಲಿದ್ದ ಗಾಜಿನ ಬುರುಡೆಗಳೆಲ್ಲ — ವಾಲ್ವು ಅನ್ನಬೇಕಂತೆ, ಮಗ ಚಿತ್ರಲಿಂಗಪ್ಪ ಹಿರಿಯೂರಿನಿಂದ ದುರ್ಗದವರೆಗೂ ಬಸ್ಸಿನಲ್ಲಿ ಪಾಠ ಮಾಡಿದ — ಒಂದು ತಟ್ಟೆಯಲ್ಲಿ ಉರುಳಾಡುತ್ತಿವೆ, ಅವುಗಳ ನಡುವೆ ಆ ಕಣ್ಣು, ಹಚ್ಚಿದಾಗ ಮೆಲ್ಲಗೆ ಹಸಿರಾಗುತ್ತಿದ್ದ ಕಣ್ಣು, ಸ್ಟೇಷನ್ನು ಸರಿಯಾಗಿ ಸಿಕ್ಕಿತೆಂದರೆ ಅದರ ಎರಡು ಹಸಿರು ರೆಪ್ಪೆ ಹತ್ತಿರ ಬಂದು ಕೂಡುತ್ತಿದ್ದವು, ಈಗ ಹಸಿರೂ ಇಲ್ಲ ಏನೂ ಇಲ್ಲ, ಸತ್ತ ಮೀನಿನ ಹಾಗೆ ಬಿಳಿಚಿಕೊಂಡಿದೆ. ಅವ್ವ, ಪೆಟ್ಟಿಗೆ ಕಣ್ಬಿಡ್ತು, ಈಗ ಮಾತಾಡ್ತೈತೆ ನೋಡು, ಅನ್ನುತ್ತಿದ್ದಳು ಮಗಳು ಜಯ, ಲಂಗ ಮೊಣಕಾಲಿಗೆ ಸಿಕ್ಕಿಸಿಕೊಂಡು ಅದರ ಮುಂದೆಯೇ ಕೂರುತ್ತಿದ್ದಳು, ಕಣ್ಣು ಪೂರ್ತಿ ಹಸಿರಾಗುವ ತನಕ ಉಸಿರು ಬಿಡುತ್ತಿರಲಿಲ್ಲ ಹುಡುಗಿ. ಇದಕ್ಕೆ ಕಣ್ಣು ಹಾಕಲ್ವಾ ಸಾಬ್ರೆ ಎಂದು ಕಾಟಮ್ಮ ಕೇಳಿದ್ದಕ್ಕೆ ಟ್ರಾನ್ಸಿಸ್ಟರಿಗೆ ಕಣ್ಣು ಬೇಕಾಗಲ್ಲಮ್ಮ, ಕಿವಿ ತಿರುವಿದ ತಕ್ಷಣ ಮಾತಾಡ್ತದೆ, ಆ ತೂತಿಗೊಂದು ರಟ್ಟು ಅಂಟಿಸಿ ಕೊಡ್ತೀನಿ ಎಂದರು.

ತಕ್ಷಣ ಮಾತಾಡುತ್ತದಂತೆ. ವಾರದಿಂದ ಬಿಚ್ಚಿಟ್ಟುಕೊಂಡಿದ್ದಾರೆ, ಇನ್ನೂ ಕೆಮ್ಮಿಲ್ಲ ಅದು. ಯಾರು ಕೇಳಿದ್ದರು ಇದನ್ನು, ಚೆನ್ನಾಗಿಯೇ ಇತ್ತಲ್ಲ, ಸ್ವಲ್ಪ ನಿಧಾನ, ಬಿಸಿಯಾಗಬೇಕು, ಮುದುಕರೂ ಬೆಳಿಗ್ಗೆ ಎದ್ದ ಕೂಡಲೇ ಮಾತಾಡುವುದಿಲ್ಲ, ಅದಕ್ಕೆ ಅವರ ಕರುಳು ಕೀಳುತ್ತೇವಾ. ಆದರೆ ಮಗನಿಗೆ ಬುದ್ಧಿ ಜಾಸ್ತಿ. ಅವ್ವ, ನಮ್ಮ ಹಟ್ಟಿ ಹೆಣ್ಮಕ್ಕಳ ಹಾಡು ಬರೋ ಗುರುವಾರ ಮಧ್ಯಾಹ್ನ ಭದ್ರಾವತಿ ಸ್ಟೇಷನ್ನಾಗೆ ಹಾಕ್ತಾರಂತೆ, ನಾನೇ ಕೇಳ್ದೆ, ಜಯಕ್ಕನ ಹೆಸ್ರೂ ಹೇಳಿದ್ರು, ಆದ್ರೆ ಹಟ್ಟಿಯಾಗೆ ಮಧ್ಯಾಹ್ನ ಕರೆಂಟು ತೆಗೀತಾರೆ, ವಾಲ್ವು ಸೆಟ್ಟು ಕರೆಂಟಿಲ್ದೆ ಸತ್ತಂಗೆ, ಒಳಗಿಂದು ಕಿತ್ತು ಟ್ರಾನ್ಸಿಸ್ಟರು ಹಾಕಿಸ್ಬಿಟ್ರೆ ಸೆಲ್ಲಿನ ಮ್ಯಾಲೆ ನಡೀತೈತೆ, ಪೆಟ್ಟಿಗೆ ಅದೇ ಇರ್ತೈತೆ — ಪೆಟ್ಟಿಗೆ ಅದೇ ಇರುತ್ತದೆ ಎಂಬ ಮಾತಿಗೇ ಅವಳು ಮರುಳಾಗಿ ಹೂಂ ಅಂದಿದ್ದು. ಭದ್ರಾವತಿಯವರು ಬಂದದ್ದು ಉಣ್ಣೆ ಕತ್ತರಿಸುವ ಕಾಲದಲ್ಲಿ, ಜಾಲಿಮರದ ಕೆಳಗೆ ಟೇಪು ಮಶೀನು ಇಟ್ಟು, ಹಾಡ್ರಮ್ಮ, ನಾಚ್ಕೋಬೇಡ್ರಿ ಎಂದರು, ಹೆಂಗಸರೆಲ್ಲ ಸೆರಗು ಬಾಯಿಗೆ ಇಟ್ಟುಕೊಂಡರು, ಜಯ ಮಾತ್ರ ರಾಗಿ ಬೀಸುವ ಪದ ಎತ್ತಿಯೇಬಿಟ್ಟಳು, ಉಳಿದವರು ಸೊಲ್ಲು ಹಿಡಿದರು, ಅಷ್ಟರಲ್ಲಿ ಅವಳ ಮರಿ, ಹಣೆಯ ಮೇಲೆ ಮಚ್ಚೆಯಿದ್ದ ಮರಿ, ಮಶೀನಿನ ವೈರು ಮೂಸುವುದಕ್ಕೆ ಹೋಯಿತು, ಹಾಡುತ್ತಿದ್ದವಳು ಹಾಡಿನ ನಡುವೆಯೇ ಏ ಚುಕ್ಕೀ, ಬಾರೆ ಇತ್ಲಾಗೆ ಎಂದು ಕೂಗಿ, ಮತ್ತೆ ಅದೇ ಉಸಿರಿಗೆ ಹಾಡು ಹಿಡಿದಳು. ಎಲ್ಲರೂ ನಕ್ಕರು. ಇನ್ನೊಂದ್ಸಲ ಹಾಡ್ಲಾ ಸಾರ್ ಅಂದರೆ ಬೇಡಮ್ಮ, ಇದೇ ಇರಲಿ, ಚೆನ್ನಾಗೈತೆ ಎಂದ ಆ ಕನ್ನಡಕದವನು, ಒಳ್ಳೆಯ ಮನುಷ್ಯ, ಅವನ ಹೊಟ್ಟೆ ತಣ್ಣಗಿರಲಿ.

ಆಮೇಲೆ ಮದುವೆ, ಆಮೇಲೆ ಬಸುರಿಯಾಗಿ ಚೊಚ್ಚಲಿಗೆ ತವರಿಗೆ ಬಂದಳು, ತವರಿಗೆ ಬಂದಳು ಅನ್ನುವುದೂ ಸುಳ್ಳು, ತವರಿನ ಹೊರಗೆ ಬಂದಳು. ಹೆರುವ ಹೆಂಗಸು ಹಟ್ಟಿಯೊಳಗೆ ಇರಬಾರದು, ಬೇಲಿಯಾಚೆ ಸೋಗೆ ಗುಡಿಸಲು, ದೇವರಿಗೆ ಮೈಲಿಗೆ ತಾಗಬಾರದಲ್ಲ, ಕಾಟಮ್ಮನೂ ಅಂಥದೇ ಗುಡಿಸಲಿನಲ್ಲಿ ಹೆತ್ತವಳು, ಅವಳ ಅತ್ತೆಯೂ, ಎಲ್ಲರೂ ಬದುಕಿದರು, ಹಾಗಾಗಿ ಇವಳೂ ಬದುಕುತ್ತಾಳೆ ಅಂದುಕೊಂಡದ್ದು. ಪೂಜಾರಿಯ ಮನೆ ಬೇರೆ. ಗಂಡ ಜುಂಜಯ್ಯ ಹಟ್ಟಿ ದೇವರ ಪೂಜಾರಿ, ಊರಿಗೊಂದು ಕಟ್ಟಾದರೆ ಪೂಜಾರಿಗೆ ಎರಡು. ಕೂಸು ಉಳಿಯಲಿಲ್ಲ, ಆಮೇಲೆ ಜ್ವರ, ನಡುಮಧ್ಯಾಹ್ನ ಮುದ್ದೆಯ ತಟ್ಟೆ ಹಿಡಿದು ಹೋದರೆ ಗುಡಿಸಲ ಒಳಗಿಂದ ಅವ್ವಾ ಎಂದಳು, ಗಟ್ಟಿಯಾಗಿ ಅಲ್ಲ, ಪಕ್ಕದಲ್ಲಿ ಇರುವವರನ್ನು ಕರೆದ ಹಾಗೆ, ಕಾಟಮ್ಮ ತಟ್ಟೆ ಕೆಳಗಿಟ್ಟು ಒಂದು ಹೆಜ್ಜೆ ಎತ್ತಿದಳು, ಬೇಲಿಯ ಹತ್ತಿರ ಜುಂಜಯ್ಯ ಕೈ ಎತ್ತಿದ, ಬರೀ ಕೈ, ಅಂಗೈ ಅವಳ ಕಡೆಗೆ. ಅವಳು ನಿಂತಳು. ಒಳಗೆ ಅವ್ವಾ ಎಂಬ ದನಿ ಇನ್ನೆರಡು ಸಲ ಬಂತು, ಆಮೇಲೆ ಬರಲಿಲ್ಲ, ಮುದ್ದೆಯ ಮೇಲೆ ನೊಣ ಕೂತವು. ಈಗ ಅದೇ ಗಂಡ ಸತ್ತೋರ ದನಿ ಕೇಳ್ಬಾರ್ದು ಕಣೆ, ಒಳ್ಳೇದಲ್ಲ ಎನ್ನುತ್ತಾನೆ. ಬದುಕಿದ್ದವಳ ದನಿ ಕೇಳಿದೆನಾ ನಾನು, ಕೇಳೋಕೆ ಬಿಟ್ರಾ ನೀವು ಎಂದು ಕೇಳಿದಳು ಇವತ್ತು ಬೆಳಿಗ್ಗೆ, ಮದುವೆಯಾದ ಮೇಲೆ ಮೊದಲ ಸಲ ಅವನಿಗೆ ಎದುರು ಮಾತಾಡಿ ಮಗನ ಜೊತೆ ಬಸ್ಸು ಹತ್ತಿದಳು. ಒಂದೇ ಒಂದು ಸಲ ಕೇಳಬೇಕು, ಅಷ್ಟೆ, ಅವಳ ಪಟ ಇಲ್ಲ, ಸೀರೆಗಳನ್ನೂ ಗುಡಿಸಲ ಜೊತೆಗೇ ಸುಟ್ಟರು, ಉಳಿದಿರುವುದು ಭದ್ರಾವತಿಯವರ ಆ ಟೇಪಿನಲ್ಲಿರುವ ದನಿ ಒಂದೇ.

ಚುಯ್ — ಮತ್ತೆ ಹೊಗೆ. ಒಂದು ಸುಟ್ಟೋಯ್ತು ಎನ್ನುತ್ತಾರೆ ಸಾಬರು ತಮಗೆ ತಾವೇ, ಥತ್, ಇವು ವಾಲ್ವಿನಂಗಲ್ಲ, ಸ್ವಲ್ಪ ಬಿಸಿ ಜಾಸ್ತಿ ಆದ್ರೆ ಪ್ರಾಣ ಬಿಡ್ತವೆ. ಇಷ್ಟು ವರ್ಷ ದಪ್ಪ ತಗಡಿಗೆ ದಪ್ಪ ಕಬ್ಬಿಣ ಒತ್ತಿ ರೂಢಿಯಾದ ಕೈ, ರಾಗಿ ಕಾಳಿನಂಥ ಸಾಮಾನಿಗೂ ಹಾಗೇ ಒತ್ತುತ್ತದೆ. ಇನ್ನೊಂದು ಹಾಕಿದರು. ಸೆಲ್ಲು ತರಲು ಚಿತ್ರಲಿಂಗಪ್ಪನನ್ನು ಅಟ್ಟಿದ್ದಾರೆ, ಅವನು ಹೋದವನು ಹೋದ, ಇವತ್ತೇ ಗುರುವಾರ, ಹಾಡಿನ ಹೊತ್ತಾಯ್ತಾ ಸಾಬ್ರೆ ಅಂದರೆ ಇನ್ನೂ ಐತಮ್ಮ, ಕುಂತ್ಕಳ್ರಿ. ಎದುರಿಗೆ ಪಾಲಯ್ಯನ ಹೋಟೆಲು, ಗಲ್ಲಾಪೆಟ್ಟಿಗೆಯ ಹಿಂದೆ ಎತ್ತರದಲ್ಲಿ ಅವನ ರೇಡಿಯೋ, ಹಳೆಯದು, ಅವಳ ಮನೆಯದರ ಅಕ್ಕನೋ ತಂಗಿಯೋ ಇರಬೇಕು, ಅದರ ಕಣ್ಣು ಹಸಿರಾಗಿ ಇವಳನ್ನೇ ನೋಡುತ್ತಿದೆ, ಬೆಳಗಿನಿಂದ ಬಾಯಿ ಮುಚ್ಚಿಲ್ಲ ಅದು, ಸಿನಿಮಾ ಹಾಡು, ಬರೀ ಸಿನಿಮಾ ಹಾಡು, ಹೋಟೆಲಿನವರು ಬೇರೇನು ಹಾಕುತ್ತಾರೆ, ಈಗ ಯಾರೋ ಹೆಂಗಸರ ಗುಂಪು ಒಟ್ಟಿಗೆ ಏನೋ ಎಳೆಯುತ್ತಿದೆ, ಸಂತೆಹೊಂಡದ ಕಡೆಗೆ ಹೋಗುವ ಲಾರಿಯ ಸದ್ದು, ತಟ್ಟೆ ಲೋಟದ ಸದ್ದು, ಏನೂ ತಿಳಿಯುವುದಿಲ್ಲ, ದರಿದ್ರದ್ದು ಸುಮ್ಮನಿರಬಾರದಾ. ಚಿತ್ರಲಿಂಗಪ್ಪ ಸೆಲ್ಲು ಹಿಡಿದು ಓಡಿ ಬರುತ್ತಿರುವುದು ದೂರದಲ್ಲಿ ಕಾಣಿಸಿತು, ಸಾಬರು ಕಾಯುವುದು ಬೇಡವೆಂದು ತಮ್ಮದೇ ಹಳೇ ಸೆಲ್ಲು ಚುಚ್ಚಿ ಕಿವಿ ತಿರುವಿದರು, ಪೆಟ್ಟಿಗೆಯೊಳಗೆ ಕರ್ ಎಂದಿತು, ಬಂತು ಬಂತು, ಉಸಿರು ಬಂತು ಎಂದರು ಸಾಬರು, ಕಾಟಮ್ಮ ಕಿವಿಯನ್ನು ಬಟ್ಟೆಯ ಜಾಲರಿಗೆ ಒತ್ತಿದಳು, ಕರ್ ಅನ್ನುವುದರೊಳಗೆ ಏನೋ ಇದೆ, ಯಾರೋ ಇದ್ದಾರೆ, ಆ ಹೋಟೆಲಿನ ಗದ್ದಲದಲ್ಲಿ ಹಿಡಿಯಲಾಗುತ್ತಿಲ್ಲ — ಪಾಲಯ್ಯ, ಒಂದು ಗಳಿಗೆ ನಿಂದು ಆರ್ಸಪ್ಪ, ನಮ್ದು ಕೇಳ್ಬೇಕು ಎಂದು ಸಾಬರು ಕೂಗಿದರು, ಪಾಲಯ್ಯನಿಗೆ ಕೇಳಿಸಲಿಲ್ಲವೋ ಏನೋ, ಆಗ ಕಾಟಮ್ಮ ಎದ್ದು ಬಾಗಿಲಿಗೆ ಬಂದು ಕೈ ಎತ್ತಿದಳು, ಬರೀ ಕೈ, ಅಂಗೈ ಅವನ ಕಡೆಗೆ. ಆತು ತಾಯಿ ಎಂದು ಪಾಲಯ್ಯ ಎದ್ದ. ಅವನ ಕೈ ಮೇಲೆ ಹೋಯಿತು, ಲಾರಿ ದಾಟಿತು, ಬೀದಿ ಒಂದು ಗಳಿಗೆ ಸುಮ್ಮನಾಯಿತು, ಆ ಗಳಿಗೆಯಲ್ಲಿ ಹೋಟೆಲಿನ ಗೋಡೆಯಿಂದ, ತೆಳ್ಳಗೆ, ಪಕ್ಕದಲ್ಲಿರುವವರನ್ನು ಕರೆದ ಹಾಗೆ, ಏ ಚುಕ್ಕೀ, ಬಾರೆ ಇತ್ಲಾ —

ಕಿಟಕ್. ಹಸಿರು ಕಣ್ಣು ಕುಗ್ಗಿತು, ಬೂದಿಯಾಯಿತು. ಹಚ್ಚು ಎನ್ನಬೇಕು, ಎತ್ತಿದ ಕೈ ಎತ್ತಿದ ಹಾಗೇ ಇದೆ, ಇಳಿಸಲಾಗುತ್ತಿಲ್ಲ, ಅವಳ ಕೈಯೋ ಜುಂಜಯ್ಯನ ಕೈಯೋ, ಬೆನ್ನ ಹಿಂದೆ ಅವಳ ಪೆಟ್ಟಿಗೆಯಲ್ಲಿ ಕರ್ ಅನ್ನುವುದೂ ನಿಂತಿದೆ, ಇನ್ನೊಂದು ಸುಟ್ಟಿತು ಎನ್ನುತ್ತಿದ್ದಾರೆ ಸಾಬರು, ಚಿತ್ರಲಿಂಗಪ್ಪ ಬೀದಿಯ ನಡುವೆ ನಿಂತುಬಿಟ್ಟಿದ್ದಾನೆ, ಅವನಿಗೂ ಕೇಳಿಸಿದೆ, ಹಚ್ರೀ, ಮತ್ತೆ ಹಚ್ರೀ, ನಮ್ಮಕ್ಕ ಅದು, ಎಂದು ಹೋಟೆಲಿಗೆ ನುಗ್ಗುತ್ತಾನೆ, ಪಾಲಯ್ಯ ಗಾಬರಿಯಾಗಿ ಕಿವಿ ತಿರುವುತ್ತಾನೆ, ತಿರುವಿದರೆ ಬಂದೀತಾ, ಹಳೇ ಸೆಟ್ಟು, ಬಿಸಿಯಾಗಬೇಕು, ಸ್ವಲ್ಪ ನಿಧಾನ, ಅವಳಿಗೆ ಗೊತ್ತಿಲ್ಲದ್ದಾ ಅದು, ಕಾಯಬೇಕು, ಉಸಿರು ಬಿಡದೆ ಕಾಯಬೇಕು, ಅವ್ವ, ಪೆಟ್ಟಿಗೆ ಕಣ್ಬಿಡ್ತು, ಹೂಂ ಮಗಳೇ, ಬಿಡುತ್ತಿದೆ, ಬೂದಿಯೊಳಗೆ ಎಳೆಯಷ್ಟು ಹಸಿರು, ಬೆರಳಷ್ಟು ಹಸಿರು, ರೆಪ್ಪೆ ಎರಡೂ ಹತ್ತಿರ ಬಂದು ಕೂಡಿದವು, ಚಳ್ಳಕೆರೆ ಪೇಟೆ ಧಾರಣೆ, ಶೇಂಗಾ, ಎನ್ನುತ್ತಿದೆ ಯಾವುದೋ ಗಂಡಸಿನ ದನಿ, ಕಣ್ಣು ಅವಳನ್ನೇ ನೋಡುತ್ತಿದೆ, ಹಸಿರು, ಈಗ ಪೂರ್ತಿ ಹಸಿರು, ಆ ಕಣ್ಣು.