ಶೇಖರನ ಬೈಕಿಗೆ ಹುಣಸೆಹುಳಿ

ಹುಣಸೆಹುಳಿಯಲ್ಲಿ ಹಿತ್ತಾಳೆ ಉಜ್ಜುವಾಗ ಒಂದು ವಾಸನೆ ಬರುತ್ತದೆ. ಹುಳಿ, ಲೋಹ, ಒದ್ದೆಯಾದ ತೆಂಗಿನ ನಾರು ಎಲ್ಲ ಸೇರಿದ ವಾಸನೆ. ಚಿಕ್ಕಂದಿನಲ್ಲಿ ಹಬ್ಬ ಹತ್ತಿರ ಬಂತೆಂದು ನನಗೆ ಗೊತ್ತಾಗುತ್ತಿದ್ದುದು ಅದರಿಂದಲೇ. ಅಜ್ಜಿ ಬಾವಿಕಟ್ಟೆಯಲ್ಲಿ ಕೂತು ದೀಪ ತಿಕ್ಕುತ್ತಿದ್ದಳು. ಅದೇ ವಾಸನೆ ಎರಡು ಸಾವಿರದ ಎಂಟರ ಜನವರಿಯಲ್ಲಿ, ಕೋಟದ ನಮ್ಮ ಮನೆಯೆದುರು, ಒಂದು ಮೋಟಾರ್ ಸೈಕಲ್ಲಿನಿಂದ ಬಂತು.

ಬೆಳಿಗ್ಗೆ ಎಂಟೂವರೆ. ಮಧ್ಯಾಹ್ನದ ಸಾರಿಗೆ ಹುಣಸೆಹಣ್ಣು ನೆನೆಹಾಕಿ ಹೊರಗೆ ಬಂದರೆ, ಗೇಟಿನ ಬಳಿ ಹಳೆಯ ಬೈಕೊಂದು ನಿಂತಿತ್ತು. ಹಿಂದೆ ದೊಡ್ಡ ಐಸ್ ಪೆಟ್ಟಿಗೆ, ಅರ್ಧ ಸೀಟಿನ ಮೇಲೆ, ಅರ್ಧ ಕ್ಯಾರಿಯರ್ ಮೇಲೆ. ಉಪ್ಪುಂದದ ಶೇಖರ ಅದನ್ನು ಒದ್ದು ಒದ್ದು ಬೆವತಿದ್ದ. ವಾರಕ್ಕೆರಡು ಸಲ ನಮ್ಮ ಬೀದಿಗೆ ಮೀನು ತರುವವನು.

"ಹ್ವಾಯ್, ಎಂತ ಆಯ್ತ್?" ಎಂದು ತೆಂಗಿನಮರದ ಮೇಲಿಂದಲೇ ಕುಷ್ಟ ಕೇಳಿದ. ಅವತ್ತು ಅವನು ನಮ್ಮಲ್ಲಿ ಕಾಯಿ ಕೀಳಲು ಬಂದಿದ್ದ.

"ಗೊತ್ತಿಲ್ಲೆ ಮಾರಾಯ. ಬಪ್ಪತಿಗೆ ಒಮ್ಮೆಲೆ ಸತ್ತ್ ಹೋಯ್ತ್. ಲೈಟಿಲ್ಲೆ, ಹಾರ್ನಿಲ್ಲೆ."

"ಪೆಟ್ರೋಲ್ ಇತ್ತಾ?"

"ಪೆಟ್ರೋಲಿಗೂ ಹಾರ್ನಿಗೂ ಎಂತ ಸಂಬಂಧ? ನೀ ಕಾಯಿ ಕೊಯ್ಯ್."

ಕುಷ್ಟ ನಗುತ್ತಾ ಇಳಿದು ಬಂದ. ಶೇಖರ ಮಾತ್ರ ನಗಲಿಲ್ಲ. ಕೊಕ್ಕರ್ಣೆಯಲ್ಲಿ ಮದುವೆಯ ಮರುದಿನದ ಔತಣ. ಪೆಟ್ಟಿಗೆಯಲ್ಲಿ ಇಪ್ಪತ್ತು ಕೆ.ಜಿ. ಅಂಜಲ್ ಮೀನು. ಇಷ್ಟು ದಿನ ಮನೆಮನೆಗೆ ಮಾರಿದವನಿಗೆ ಔತಣದ ಮೀನು ಒಪ್ಪಿಸಿದ್ದು ಇದೇ ಮೊದಲು. ಹತ್ತಕ್ಕೆ ಅಡುಗೆಯವರ ಕೈಗೆ ಮುಟ್ಟದಿದ್ದರೆ ಇನ್ನೊಮ್ಮೆ ಯಾರೂ ಅವನಿಗೆ ಹೇಳುವುದಿಲ್ಲ. ನನಗೆ ಗೊತ್ತಿದ್ದ ಇಬ್ಬರು ಆಟೊದವರಿಗೆ ಫೋನ್ ಮಾಡಿದೆ. ಮೀನಿನ ನೀರು ಸೋರುತ್ತದೆಂದು ಇಬ್ಬರೂ ಒಪ್ಪಲಿಲ್ಲ.

ಬಿಸಿಲು ಏರುತ್ತಿತ್ತು. ನಾನು ಕೊಟ್ಟ ಕೊಡೆಯನ್ನು ಕುಷ್ಟ ತನ್ನ ತಲೆಗೆ ಹಿಡಿಯದೆ ಪೆಟ್ಟಿಗೆಗೆ ಹಿಡಿದು ನಿಂತ. ಆಮೇಲೆ ಅರ್ಧ ಗಂಟೆ ಕೈ ಬದಲಿಸಿದನೇ ಹೊರತು ಕೊಡೆ ಇಳಿಸಲಿಲ್ಲ.

ಶೇಖರ ಫ್ಯೂಸ್ ತೆಗೆದು ನೋಡಿದ. ಒಳಗಿನ ತಂತಿ ಸುಟ್ಟಿರಲಿಲ್ಲ. ಬ್ಯಾಟರಿಯ ಎರಡು ತುದಿಗಳನ್ನೂ ಅಲ್ಲಾಡಿಸಿದ. ಬಿಗಿಯಾಗಿಯೇ ಇದ್ದವು.

ನಾನು ಬಿ.ಎಸ್ಸಿ. ಮಾಡಿದವಳು; ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಬ್ಯಾಟರಿ, ಬಲ್ಬುಗಳ ಚಿತ್ರ ಬರೆದಿದ್ದೆ. ಬೈಕನ್ನು ಮಾತ್ರ ಒಮ್ಮೆಯೂ ಮುಟ್ಟಿದವಳಲ್ಲ. ಆದರೂ ಕೇಳಿದೆ: "ಶೇಖರ, ಬ್ಯಾಟರಿಯಿಂದ ಹೋದ ಕರೆಂಟ್ ವಾಪಸ್ ಬಪ್ಪ ದಾರಿ ಯಾವ್ದ್?"

ಅವನು ಪೆಟ್ಟಿಗೆ ಇಳಿಸಿ ಸೀಟು ಎತ್ತಿದ. ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ಕಪ್ಪು ವಯರು ಬೈಕಿನ ಚೌಕಟ್ಟಿಗೆ ಬೋಲ್ಟ್ ಆಗಿದ್ದ ಜಾಗ ಪಾಚಿ ಹಿಡಿದ ಮೆಟ್ಟಿಲಿನಂತೆ ಹಸಿರಾಗಿತ್ತು. ನಾವು ನೋಡುತ್ತಿದ್ದಂತೆಯೇ ಸೀಟಿನ ಅಂಚಿನಿಂದ ಒಂದು ಹನಿ ಸರಿಯಾಗಿ ಅದರ ಮೇಲೇ ಬಿತ್ತು.

ಶೇಖರ ಹಣೆ ಚಚ್ಚಿಕೊಂಡ. ಕರಗಿದ ಐಸಿನ ನೀರಿನಲ್ಲಿ ನಿಂತರೆ ಮೀನು ಮೆತ್ತಗಾಗುತ್ತದೆಂದು ಹೆಂಡತಿ ಜಲಜ ಪೆಟ್ಟಿಗೆಯ ಮೂಲೆಗೆ ತೂತು ಹೊಡೆಸಿದ್ದಳಂತೆ. ಉಪ್ಪುನೀರು ಆರು ತಿಂಗಳಿಂದ ಅಲ್ಲೇ ತೊಟ್ಟಿಕ್ಕಿತ್ತು. ಅವನು ಕೂಡಲೇ ಫೋನ್ ಮಾಡಿದ. ಅವಳ ದನಿ ನಮಗೂ ಕೇಳುತ್ತಿತ್ತು.

"ನಿನ್ ತೂತಿಂದ್ಲೇ ಗಾಡಿ ನಿಂತದ್ದ್ ಕಾಣ್."

"ಮೀನ್ ಹಾಳಾಯ್ತಾ?"

"ಇಲ್ಲೆ."

"ಹಂಗಾರೆ ತೂತ್ ಸಮ ಇತ್ತ್. ಗಾಡಿ ಕಾಣಿ."

ಕುಷ್ಟನಿಗೆ ನಕ್ಕು ನಕ್ಕು ಕೊಡೆಯೇ ಅಲ್ಲಾಡಿತು.

ಬೋಲ್ಟ್ ಬಿಚ್ಚಿ ಚಾಕುವಿನಿಂದ ಕೆರೆದರೂ ಹಸಿರು ಪೂರ್ತಿ ಹೋಗಲಿಲ್ಲ. ನನಗೆ ಅಜ್ಜಿಯ ದೀಪ ನೆನಪಾಯಿತು. ನೆನೆಹಾಕಿದ್ದ ಹುಣಸೆಹಣ್ಣನ್ನು ಬಟ್ಟಲು ಸಮೇತ ತಂದೆ.

"ಟೀಚರೆ, ಇದ್ ಸಾರಿಗಲ್ದಾ?" ಎಂದ ಶೇಖರ.

"ಇವತ್ತ್ ಬೈಕಿಗೆ. ಉಜ್ಜ್."

ತೆಂಗಿನ ನಾರಿನಿಂದ ತಿಕ್ಕಿದಂತೆಲ್ಲ ವಯರಿನ ತುದಿಯ ತಾಮ್ರ ಕೆಂಪಗೆ ಹೊಳೆಯಿತು. ಆ ವಾಸನೆ ಎದ್ದಿತು. ಬಾವಿನೀರಿನಲ್ಲಿ ತೊಳೆದು, ನನ್ನ ಹಳೆಯ ಸೀರೆಯ ತುಂಡಿನಿಂದ ಒರೆಸಿ, ಒಣಗಿದ ಮೇಲೆ ಬೋಲ್ಟ್ ಬಿಗಿದ. ಕೀಲಿ ತಿರುಗಿಸಿದರೆ ಪುಟ್ಟ ಹಸಿರು ದೀಪ ಹತ್ತಿತು. ಶೇಖರ ಎರಡು ಸಲ ಹಾರ್ನ್ ಹೊಡೆದ. ಬೇಕಿದ್ದುದು ಒಂದೇ ಸಲ.

"ತಡಿ ಮಾರಾಯ," ಎಂದ ಕುಷ್ಟ. ಹಿತ್ತಲಿನ ಪಪ್ಪಾಯಿ ಗಿಡದಿಂದ ಉದ್ದ ದಂಟು ಕೊಯ್ದು ತಂದು, ಮತ್ತೆ ಬೈಕಿಗೇರಿಸಿದ ಪೆಟ್ಟಿಗೆಯ ತೂತಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಚಕ್ರಕ್ಕೆ ತಾಗದಂತೆ ಹೊರಗೆ ಬಿಟ್ಟು ಬಾಳೆನಾರಿನಿಂದ ಕಟ್ಟಿದ. ಟೊಳ್ಳು ದಂಟಿನೊಳಗೆ ನೀರು ಸರಾಗವಾಗಿ ಹರಿದು ರಸ್ತೆಗೆ ಬಿತ್ತು. "ಜಲಜಕ್ಕನಿಗೆ ಹೇಳ್, ತೂತಿಗೆ ಪೈಪ್ ಹಾಕಿದ್ದ್ ಕುಷ್ಟ ಅಂದ್ಹೇಳಿ."

ಶೇಖರ ಹೊರಟಾಗ ಒಂಬತ್ತು ಹತ್ತಾಗಿತ್ತು.

ಅಂದು ನಮ್ಮಲ್ಲಿ ಸಾರಿಲ್ಲ. ಅನ್ನ ಬೇಯಿಸಿ, ಉಪ್ಪಿನಕಾಯಿ ಇದೆಯಲ್ಲ ಎಂದುಕೊಂಡು ತೆಂಗಿನಕಾಯಿ ಲೆಕ್ಕ ಮಾಡುತ್ತಾ ಕೂತೆ. ಒಂದೂವರೆ ದಾಟಿತ್ತು, ಕುಷ್ಟ ಇನ್ನೂ ಕೊನೆಯ ಮರದಲ್ಲಿದ್ದ. ಆಗ ಗೇಟಿನಲ್ಲಿ ಶೇಖರನ ಹಾರ್ನ್ ಕೇಳಿತು.

"ಮುಟ್ಟಿತಾ ಮೀನು?" ಎಂದೆ.

"ಒಂಬತ್ತ್ ಐವತ್ತಕ್ಕೆ. ಬಪ್ಪ ತಿಂಗ್ಳ್ ಅವ್ರ್ ಭಾವನ ಮನೆಯಲ್ಲೂ ಔತಣ ಇತ್ತಂಬ್ರ್. ನಂಗೇ ಹೇಳಿರ್."

ಅವನು ಹ್ಯಾಂಡಲಿಗೆ ತೂಗುಹಾಕಿದ್ದ ಚೀಲಕ್ಕೆ ಕೈಹಾಕಿದ. ಬಾಳೆಲೆಯಲ್ಲಿ ಕಟ್ಟಿದ ಎರಡು ಪೊಟ್ಟಣ, ಎರಡೂ ಇನ್ನೂ ಬಿಸಿ. ಒಂದನ್ನು ಕುಷ್ಟನ ಅಂಗಿಯ ಪಕ್ಕ ಜಗಲಿಯ ಮೇಲಿಟ್ಟ. ಇನ್ನೊಂದರ ಜೊತೆ ಮುಚ್ಚಳ ಬಿಗಿದ ಸಣ್ಣ ಡಬ್ಬಿಯೂ ಇತ್ತು, ಅದರ ತುಂಬ ಕೆಂಪು ಸಾರು. ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕೈಗೆ ಕೊಟ್ಟ.